ಮರಳಿ ಬಂದವನಿಗೆ ವೀರಗಲ್ಲಿಲ್ಲ

ಪ್ರತಿ ವರ್ಷ ಜುಲೈ 26ರಂದು, ಕಾರ್ಗಿಲ್ ವಿಜಯ ದಿನ, ಮಂಗಳೂರಿನ ಕದ್ರಿಯಲ್ಲಿರುವ ಯುದ್ಧ ಸ್ಮಾರಕಕ್ಕೆ ಹೂವಿನ ಗೌರವ ಸಲ್ಲುತ್ತದೆ. ಸೇರಿದವರಲ್ಲಿ ಎದೆಗೆ ಪದಕ ಸಿಕ್ಕಿಸಿಕೊಂಡ ಮಾಜಿ ಸೈನಿಕರೂ ಇರುತ್ತಾರೆ. ಭಾಷಣಗಳು ಮಾತ್ರ ಮಡಿದವರ ಕುರಿತೇ ಆಗುತ್ತವೆ. ಅದು ಆಗಬೇಕಾದದ್ದೇ. ಆದರೆ 1999ರ ಆ ಯುದ್ಧದ ಎರಡು ಅಂಕಿಗಳಲ್ಲಿ ಜನರ ಬಾಯಲ್ಲಿರುವುದು ಒಂದೇ. ಮಡಿದವರು 527 ಮಂದಿ ಎಂಬುದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಗಾಯಗೊಂಡು ಬದುಕಿದವರು 1,363 ಮಂದಿ ಎಂಬುದು ಸರಕಾರದ ಲೆಕ್ಕದಲ್ಲೇ ಉಳಿದಿದೆ. ಗಾಯವಿಲ್ಲದೆ ಮರಳಿದವರಿಗಂತೂ ಲೆಕ್ಕವೇ ಇಲ್ಲ.

ಯುದ್ಧಕ್ಕೆ ಹೋದವರಲ್ಲಿ ಹೆಚ್ಚಿನವರು ಮರಳಿ ಬಂದವರೇ. ಹೀಗೆ ಬಂದವರು ಮನೆಯ ಜಗಲಿಯಲ್ಲಿ ಕುಳಿತು ಏನು ಯೋಚಿಸಿದರು, ಯುದ್ಧದ ಬಗ್ಗೆ ಅವರ ಅಭಿಪ್ರಾಯವೇನು ಎಂದು ಕನ್ನಡದಲ್ಲಿ ಹುಡುಕಹೊರಟರೆ ಸಿಗುವುದು ತೀರ ಕಡಿಮೆ. ಸೇನೆಗೂ ಕೊಡಗಿಗೂ ಇರುವ ನಂಟು ಕರಾವಳಿಗಿಲ್ಲ. ಇಲ್ಲಿಯ ಹುಡುಗ ಊರು ಬಿಟ್ಟರೆ ಹಿಂದೆ ಬೊಂಬಾಯಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದ. ಸೇನೆಗೆ ಸೇರಿದವರು ಇಲ್ಲದಿಲ್ಲ. ಆದರೆ ಅವರ ಮಾತು ಕೇಳುವ ಅಭ್ಯಾಸ ಇಲ್ಲಿಯ ಸಮಾಜಕ್ಕೆ ಬಂದಿಲ್ಲ. ಯುದ್ಧ ಎಂದರೆ ಇಲ್ಲಿ ಮೊದಲು ನೆನಪಾಗುವುದು ಬಯಲಾಟದ ಚೆಂಡೆ. ಯಕ್ಷಗಾನದ ಎಷ್ಟು ಪ್ರಸಂಗಗಳ ಹೆಸರಿನ ಬಾಲದಲ್ಲಿ 'ಕಾಳಗ' ಇಲ್ಲ! ರಾತ್ರಿಯಿಡೀ ಕಾಳಗವಾಗಿ ಬೆಳಗಿನ ಜಾವಕ್ಕೆ ಮಂಗಳ ಹಾಡಿದರೆ ಮುಗಿಯಿತು. ಗೆದ್ದವನು ಮರುದಿನ ಬೆಳಗ್ಗೆ ಎದ್ದು ಏನು ಮಾಡಿದ ಎಂದು ಪ್ರೇಕ್ಷಕ ಕೇಳುವುದಿಲ್ಲ.

ಕಾವ್ಯದಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ವ್ಯಾಸಭಾರತದಲ್ಲಿ ಯುದ್ಧ ಮುಗಿದ ಮೇಲೂ ಬಹಳಷ್ಟು ಉಳಿದಿದೆ. ಗೆದ್ದ ಧರ್ಮರಾಯ ಈ ರಾಜ್ಯವೇ ಬೇಡವೆಂದು ಕಾಡಿಗೆ ಹೊರಡಲು ನಿಲ್ಲುತ್ತಾನೆ. ಅವನನ್ನು ಸಮಾಧಾನಪಡಿಸಲು ಶಾಂತಿಪರ್ವವೇ ಬೇಕಾಗುತ್ತದೆ. ಆದರೆ ಕನ್ನಡಿಗರು ಮನೆಮನೆಗಳಲ್ಲಿ ಓದಿಸಿ ಕೇಳಿದ ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ, ಅಂದರೆ ಹತ್ತು ಪರ್ವಗಳಿಗೆ, ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಕುಮಾರವ್ಯಾಸನನ್ನು ಓದಿದಷ್ಟು ಮಂದಿ ತಿಮ್ಮಣ್ಣನನ್ನು ಓದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ.

ಇನ್ನು ಕಲ್ಲುಗಳ ವಿಷಯ. ಕರ್ನಾಟಕದಲ್ಲಿ ವೀರಗಲ್ಲು ಕಾಣದ ಸೀಮೆ ಅಪರೂಪ. ತುಳುನಾಡಿನ ಬಾರಕೂರಿನಲ್ಲೂ ಇವೆ. ಸಾಮಾನ್ಯವಾಗಿ ಮೂರು ಅಂತಸ್ತಿನ ಕಲ್ಲು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಶಿವಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಕುಳಿತ ವೀರ. ತುದಿಯಲ್ಲಿ ಸೂರ್ಯಚಂದ್ರರು. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ 'ನೆತ್ತರುಗೊಡಗೆ' ಎಂದೇ ಹೆಸರು. ಸಮಾಜ ತನ್ನ ಋಣವನ್ನು ಇಷ್ಟು ನೇರವಾಗಿ ಹೆಸರಿಟ್ಟು ಕರೆದದ್ದು ಕಡಿಮೆ. ಆದರೆ ಈ ಮೂರು ಅಂತಸ್ತುಗಳಲ್ಲಿ ಮನೆಗೆ ಮರಳುವ ದಾರಿ ಇಲ್ಲ. ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗಬಹುದು. ತುಳುನಾಡಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಎಣ್ಮೂರಿನ ಕಾಳಗದಲ್ಲಿ ಮಡಿದ ಕೋಟಿ ಚೆನ್ನಯರು ದೈವಗಳಾಗಿ ಮಂಗಳೂರಿನ ಕಂಕನಾಡಿಯೂ ಸೇರಿದಂತೆ ಊರೂರಿನ ಗರೋಡಿಗಳಲ್ಲಿ ನೆಲೆಸಿದ್ದಾರೆ. ಅವರ ಹುಟ್ಟಿನಿಂದ ಸಾವಿನವರೆಗಿನ ಕಥೆಯನ್ನು ಪಾಡ್ದನ ಹೇಳುತ್ತದೆ. ಅದೇ ಕಾಳಗದಿಂದ ಬದುಕಿ ಮನೆಗೆ ಹೋದ ಸಾಮಾನ್ಯ ಭಂಟನಿಗೆ ಗರೋಡಿಯೂ ಇಲ್ಲ, ಪಾಡ್ದನವೂ ಇಲ್ಲ.

ಹೀಗಿರುವಾಗ, ಮರಳಿ ಬಂದವನೊಬ್ಬನ ಮನಸ್ಸು ಸಾವಿರ ವರ್ಷದ ಹಿಂದೆಯೇ ಕಲ್ಲಿನ ಮೇಲೆ ದಾಖಲಾಗಿದೆ ಎಂದರೆ ಆಶ್ಚರ್ಯವಾಗಬಹುದು. ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ಶಾಸನ. ಶಕವರ್ಷ 872, ಅಂದರೆ ಕ್ರಿ.ಶ. 949-50. ಈಗ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋಗಿದ್ದ ಕಾಲ. ಇಂದಿನ ತಮಿಳುನಾಡಿನ ಉತ್ತರ ಭಾಗದಲ್ಲಿರುವ ತಕ್ಕೋಲದಲ್ಲಿ ದೊಡ್ಡ ಯುದ್ಧವಾಯಿತು. ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಅವನನ್ನು ಕೊಂದ ಗಂಗರ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರವೂ ಸೇರಿ ದೊಡ್ಡ ದೊಡ್ಡ ನಾಡುಗಳೇ ಬಹುಮಾನವಾಗಿ ಬಂದವು. ಬೂತುಗನ ಕಡೆಯಿಂದ ಕಾದಿದ ವೀರರಲ್ಲಿ ಮಣಲೇರ ಎಂಬವನೊಬ್ಬ. ಅವನ ಶೌರ್ಯಕ್ಕೆ ಮೆಚ್ಚಿದ ಅರಸ, ಬೇಕಾದ್ದನ್ನು ಕೇಳು ಎಂದ. ಇಂಥ ಗಳಿಗೆಯಲ್ಲಿ ಊರು ಕೇಳಬಹುದು, ಹೊನ್ನು ಕೇಳಬಹುದು, ಪದವಿ ಕೇಳಬಹುದು. ಮಣಲೇರ ಕೇಳಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

ನಾಯಿ ಸಿಕ್ಕಿತು. ಅವನು ಅದನ್ನು ಕರೆದುಕೊಂಡು ಬಂದ. ಮುಂದೊಂದು ದಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ದೇಗುಲದ ಎದುರು ಕಲ್ಲು ನಿಲ್ಲಿಸಿದ. ಅದರ ಪೂಜೆಗೆ ಗದ್ದೆ ಬಿಟ್ಟ. ಗದ್ದೆಯನ್ನು ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯನ್ನೂ ಬರೆಸಿದ. ಕಲ್ಲಿನ ಮೇಲೆ ಕೊರೆದಿರುವುದು ತಕ್ಕೋಲದ ಆನೆಕುದುರೆಗಳನ್ನಲ್ಲ, ನಾಯಿ ಮತ್ತು ಹಂದಿಯ ಕಾಳಗವನ್ನು.

ಮಣಲೇರನಿಗೆ ಭೂಮಿಯೂ ಸಿಗಲಿಲ್ಲವೆಂದಲ್ಲ. ಬೂತುಗ ಅವನಿಗೆ ಆತಕೂರು ಹನ್ನೆರಡನ್ನು 'ಬಾಳ್ಗಚ್ಚು' ಎಂದು ಕೊಟ್ಟ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಯುದ್ಧ ಮುಗಿಸಿ ಬಂದವನ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಹಳಗನ್ನಡದಲ್ಲಿ ಸತ್ತವನಿಗೆ ನೆತ್ತರುಗೊಡಗೆ ಇದ್ದಂತೆ ಬದುಕಿದವನಿಗೂ ಒಂದು ಮಾತು ಇತ್ತು ಎಂಬುದು ಮುಖ್ಯ. ಆ ಮಾತಿನಲ್ಲಿ ಗೆಲುವಿನ ಪ್ರಸ್ತಾಪವಿಲ್ಲ, ತೊಳೆಯುವ ಪ್ರಸ್ತಾಪವಿದೆ. ರಕ್ತ ಹತ್ತಿದ ಕತ್ತಿ ಹಾಗೆಯೇ ಮನೆಯೊಳಗೆ ಬರಬಾರದು ಎಂಬ ತಿಳಿವಳಿಕೆ ಆ ಕಾಲದವರಿಗೆ ಇದ್ದಿರಬೇಕು. ಇಂದಿನ 'ಮಾಜಿ ಸೈನಿಕ' ಎಂಬ ಮಾತಿನಲ್ಲಿ ಇದು ಯಾವುದೂ ಇಲ್ಲ. ಮಾಜಿ ಶಾಸಕ, ಮಾಜಿ ಅಧ್ಯಕ್ಷ ಎಂಬ ಸಾಲಿನಲ್ಲಿ ಅದೂ ಒಂದು.

ಮಣಲೇರ ನಾಯಿಯನ್ನೇ ಯಾಕೆ ಕೇಳಿದ ಎಂದು ಶಾಸನ ಹೇಳುವುದಿಲ್ಲ. ಬೇಟೆಯ ಹುಚ್ಚು ಎನ್ನಬಹುದು, ಅರಸನ ಪ್ರೀತಿಯ ನಾಯಿಯನ್ನು ಪಡೆಯುವುದೇ ದೊಡ್ಡ ಗೌರವ ಎನ್ನಬಹುದು. ಎರಡೂ ಸರಿಯಿರಬಹುದು. ಆದರೆ ಅಷ್ಟು ದೊಡ್ಡ ರಣರಂಗ ಕಂಡವನು ತನ್ನ ಖರ್ಚಿನಲ್ಲಿ ಶಾಶ್ವತವಾಗಿ ನೆನೆಯಬೇಕೆಂದುಕೊಂಡದ್ದು ಜೊತೆಗಿದ್ದ ಒಂದು ಪ್ರಾಣಿಯನ್ನು. ಯುದ್ಧದಿಂದ ಬಂದವರನ್ನು ಹತ್ತಿರದಿಂದ ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು.

ಇದೇ ಶತಮಾನದಲ್ಲಿ ಇನ್ನೊಬ್ಬ ಯೋಧನಿದ್ದ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ. ವೀರಮಾರ್ತಂಡ, ರಣರಂಗಸಿಂಗ, ಸಮರಪರಶುರಾಮ ಮುಂತಾದ ಅವನ ಬಿರುದುಗಳ ಪಟ್ಟಿಯೇ ಒಂದು ಯುದ್ಧಚರಿತ್ರೆ. ಒಂದೊಂದು ಬಿರುದೂ ಒಂದೊಂದು ಕಾಳಗದ ಗಳಿಕೆ. ಕೊನೆಯ ಬಿರುದು ಬಂದದ್ದು ತನ್ನ ತಮ್ಮ ನಾಗವರ್ಮನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಂಡಾಗ. ಈ ಚಾವುಂಡರಾಯ 978ರಲ್ಲಿ ತನ್ನ ಹೆಸರಿನ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದ. ಬಳಿಕ 980ರ ದಶಕದ ಆರಂಭದಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ.

ಗೊಮ್ಮಟನ ಕಥೆ ಕರಾವಳಿಯವರಿಗೆ ಹೊಸದಲ್ಲ. ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ, ಧರ್ಮಸ್ಥಳದಲ್ಲಿ 1982ರಲ್ಲಿ ಅದೇ ಬಾಹುಬಲಿ ನಿಂತಿದ್ದಾನೆ. ಅಣ್ಣ ಭರತ ಚಕ್ರವರ್ತಿಯೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಗೆದ್ದ ಗಳಿಗೆಯಲ್ಲೇ ಎಲ್ಲವನ್ನೂ ಬಿಟ್ಟವನು. ತಾಯಿ ಕಾಳಲಾದೇವಿಯ ಹರಕೆಗಾಗಿ ಚಾವುಂಡರಾಯ ವಿಗ್ರಹ ಮಾಡಿಸಿದ ಎಂಬುದು ಪರಂಪರೆಯಿಂದ ಬಂದ ಕಥೆ. ಅದು ಇರಲಿ. ತಮ್ಮನನ್ನು ಕಳೆದುಕೊಂಡು, ಸೇಡು ತೀರಿಸಿಕೊಂಡು, ಅದಕ್ಕಾಗಿ ಬಿರುದನ್ನೂ ಪಡೆದ ಸೇನಾಪತಿಗೆ, ಎಲ್ಲ ಕಥೆಗಳ ನಡುವೆ ಅಣ್ಣತಮ್ಮಂದಿರ ಕಾಳಗದ ಈ ಕಥೆಯೇ ಹಿಡಿಸಿತು ಎಂಬುದನ್ನು ಕಡೆಗಣಿಸಲಾಗುವುದಿಲ್ಲ. ಆ ಮೂರ್ತಿಯ ಕೈಯಲ್ಲಿ ಆಯುಧವಿಲ್ಲ. ಕಾಲಿಗೆ ಬಳ್ಳಿ ಹಬ್ಬಿದೆ.

ಮಂಗಳೂರಿಗೆ ಹತ್ತಿರದ ಯುದ್ಧವೆಂದರೆ 1783-84ರ ಮುತ್ತಿಗೆ. ಬೋಳೂರಿನ ಸುಲ್ತಾನ್ ಬತ್ತೇರಿ ನೋಡಲು ಹೋಗುವವರಿಗೆ ಇದರ ಅರೆಬರೆ ಪರಿಚಯವಿರುತ್ತದೆ. ಎರಡನೆಯ ಆಂಗ್ಲೋ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಕೈಸೇರಿದ್ದ ಮಂಗಳೂರು ಕೋಟೆಯನ್ನು 1783ರ ಮೇ ತಿಂಗಳಲ್ಲಿ ಟಿಪ್ಪು ಮುತ್ತಿದ. ಒಳಗೆ ಕರ್ನಲ್ ಕ್ಯಾಂಬೆಲ್, ಸ್ಕಾಟ್ಲೆಂಡಿನ ಸಿಪಾಯಿಗಳು, ಬೊಂಬಾಯಿ ಸೈನ್ಯದ ಭಾರತೀಯ ಸಿಪಾಯಿಗಳು. ಆಗಸ್ಟಿನಲ್ಲಿ ಕದನ ವಿರಾಮವಾದರೂ ಮುತ್ತಿಗೆ ತೆರವಾಗಲಿಲ್ಲ. ಹಸಿವು ಮತ್ತು ರೋಗ ಗುಂಡಿಗಿಂತ ಹೆಚ್ಚು ಜನರನ್ನು ತಿಂದವು. 1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆ ಒಪ್ಪಿಸಿ ಹೊರಬಂದ. ಎರಡು ತಿಂಗಳೊಳಗೆ ಬೊಂಬಾಯಿಯಲ್ಲಿ ತೀರಿಕೊಂಡ. ಮಾರ್ಚ್ 11ರಂದು ಇದೇ ಊರಿನಲ್ಲಿ ಒಪ್ಪಂದವಾಯಿತು. ಅದರ ಮುಖ್ಯ ಷರತ್ತುಗಳಲ್ಲೊಂದು ಸೆರೆಯಾಳುಗಳ ಬಿಡುಗಡೆ. ಯುದ್ಧದಿಂದ ಮನೆಗೆ ಮರಳುವುದು ರಾಜರಾಜರ ನಡುವಿನ ಕಾಗದದ ಮೇಲೆ ಬಂದದ್ದು ಹೀಗೆ.

ಎಲ್ಲ ಸೆರೆಯಾಳುಗಳೂ ಬಿಡುಗಡೆಯಾಗಲಿಲ್ಲ. ಉಳಿದವರಲ್ಲಿ ಜೇಮ್ಸ್ ಸ್ಕರಿ ಎಂಬ ಹುಡುಗನೂ ಒಬ್ಬ. 1782ರಲ್ಲಿ ಫ್ರೆಂಚರು ಹಿಡಿದ ಇಂಗ್ಲಿಷ್ ಹಡಗಿನಲ್ಲಿದ್ದ ಹದಿಹರೆಯದ ನಾವಿಕ. ಫ್ರೆಂಚರು ಅವನನ್ನು ಹೈದರನಿಗೆ ಒಪ್ಪಿಸಿದ್ದರು. ಶ್ರೀರಂಗಪಟ್ಟಣದಲ್ಲಿ ಮತ ಬದಲಾಯಿತು, ಮೈಸೂರಿನ ಸೈನ್ಯದಲ್ಲೇ ಕವಾಯತು ಮಾಡಬೇಕಾಯಿತು, ಮದುವೆಯಾಗಿ ಮಕ್ಕಳಾದರು. ಸುಮಾರು ಹತ್ತು ವರ್ಷದ ಮೇಲೆ ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಅವನಿಗೆ ಕುರ್ಚಿಯ ಮೇಲೆ ಕೂರುವುದು, ಚಾಕು ಮುಳ್ಳುಚಮಚ ಹಿಡಿಯುವುದು ಮರೆತುಹೋಗಿತ್ತು. ಇಂಗ್ಲಿಷ್ ತೊದಲುತ್ತಿತ್ತು. ಹೆಂಡತಿ ಮಕ್ಕಳು ಇಲ್ಲೇ ಉಳಿದರು. ಅವನ ಕಥೆ 1824ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಟಿಪ್ಪುವಿನ ಮೇಲಿನ ದ್ವೇಷವಿದೆ, ಉತ್ಪ್ರೇಕ್ಷೆಯೂ ಇದೆ, ಕಣ್ಣು ಮುಚ್ಚಿ ನಂಬುವಂತಿಲ್ಲ. ಆದರೂ ಮನೆಗೆ ಬಂದ ಮೇಲೂ ಮನೆ ಸಿಗದವನ ಪಾಡು ಅದರಲ್ಲಿ ಗೊತ್ತಾಗುತ್ತದೆ.

ಕೋಟೆಯೊಳಗಿದ್ದ ಭಾರತೀಯ ಸಿಪಾಯಿಗಳಿಗೆ ಏನಾಯಿತು? ಅವರ ತುಕಡಿಗೆ 'ಮಂಗಳೂರು' ಎಂಬ ಹೆಸರೇ ಯುದ್ಧಗೌರವವಾಗಿ ದಕ್ಕಿತು. ಸಿಪಾಯಿಗಳು ಬರೆದಿಟ್ಟ ಒಂದು ಮಾತೂ ಪ್ರಸಿದ್ಧವಾಗಿಲ್ಲ. ಹೊರಗೆ ಮಳೆಗಾಲದ ಕೆಸರಿನಲ್ಲಿ ನಿಂತು ಮುತ್ತಿಗೆ ಹಾಕಿದ್ದ ಮೈಸೂರಿನ ಸಿಪಾಯಿಗಳದ್ದೂ ಹಾಗೆಯೇ. ಅವರಲ್ಲಿ ಕನ್ನಡದ ರೈತಾಪಿ ಮಕ್ಕಳು ಎಷ್ಟೋ ಇದ್ದಿರಬೇಕು. ಬರೆಯಬಲ್ಲವನ ನೆನಪು ಇತಿಹಾಸವಾಗುತ್ತದೆ, ಉಳಿದವರದ್ದು ಅವರೊಂದಿಗೇ ಹೋಗುತ್ತದೆ.

ಬರೆಯಬಲ್ಲವರಾದ ಮೇಲೂ ಮೌನ ಕಡಿಮೆಯಾಗಿಲ್ಲ ಎಂಬುದಕ್ಕೆ ನಮ್ಮ ಕಾಲದ ಉದಾಹರಣೆ ಪಕ್ಕದ ಕೊಡಗಿನದು. 1965ರ ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಹಂಟರ್ ವಿಮಾನ ಹಾರಿಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ನೆಲದಿಂದ ಬಂದ ಗುಂಡಿಗೆ ಸಿಕ್ಕರು. ಹೊರಗೆ ಜಿಗಿದರು. ಬೆನ್ನಿಗೆ ಪೆಟ್ಟಾಗಿ ಪಾಕಿಸ್ತಾನದ ಸೆರೆಯಾದರು. ಮರುದಿನ ನಸುಕಿಗೆ ಕದನ ವಿರಾಮ. ಕೆಲವು ಗಂಟೆಗಳ ವ್ಯತ್ಯಾಸದಲ್ಲಿ ನಾಲ್ಕು ತಿಂಗಳ ಸೆರೆವಾಸ. ಸೆರೆಯಾದವರ ತಂದೆ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಇವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುಗಡೆ ಮಾಡುತ್ತೇವೆ ಎಂಬ ಮಾತು ಬಂದಾಗ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ವಿಶೇಷ ಬೇಡ ಎಂಬ ಅರ್ಥದ ಉತ್ತರವನ್ನು ಹಿರಿಯ ಕಾರ್ಯಪ್ಪ ಕೊಟ್ಟರೆಂಬುದು ದೇಶಕ್ಕೇ ತಿಳಿದ ಕಥೆ.

ಆ ಕಥೆಯಲ್ಲಿ ಎಲ್ಲರೂ ನೆನಪಿಡುವುದು ತಂದೆಯ ಉತ್ತರವನ್ನು. ಬೆನ್ನು ನೋವಿನಿಂದ ಸೆರೆಯಲ್ಲಿದ್ದ ಮಗನದ್ದು ಅದರಲ್ಲಿ ಸಣ್ಣ ಪಾತ್ರ. 1966ರ ಜನವರಿಯಲ್ಲಿ ಮರಳಿದ ಅವರು ಸೇವೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಮಡಿಕೇರಿಯ ಮನೆಗೆ ಬಂದ ಮೇಲೆ ಪುಸ್ತಕವನ್ನೂ ಬರೆದರು. ಅದು ತಂದೆಯ ಜೀವನಚರಿತ್ರೆ.

ಯುದ್ಧಕ್ಕೆ ಹೋದವರನ್ನು ಊರು ಎದುರುಗೊಳ್ಳುವ ಬಗೆಯೂ ಒಂದೇ ತೆರನಲ್ಲ. 1971ರಲ್ಲಿ ಬಾಂಗ್ಲಾದಿಂದ ಬಂದವರಿಗೆ ಹಾರತುರಾಯಿ. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ ಸಾವಿರದ ನೂರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರ ಮಾರ್ಚಿನಲ್ಲಿ ಮದರಾಸು ಬಂದರಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಹೋದ ಯೋಧರು ಅದೇ ಸೇನೆಯವರು, ಪಾಲಿಸಿದ್ದು ಮೇಲಿನಿಂದ ಬಂದ ಆಜ್ಞೆ. ಆದರೂ ಯುದ್ಧದ ಬಗ್ಗೆ ರಾಜಕೀಯದವರಿಗಿದ್ದ ಸಿಟ್ಟು ಹಡಗಿನಿಂದ ಇಳಿದವನ ಮುಖಕ್ಕೆ ತಾಗಿತು.

ಮನಸ್ಸಿನ ಗಾಯಕ್ಕೆ ವೈದ್ಯಲೋಕ ಹೆಸರಿಟ್ಟದ್ದೂ ಬಹಳ ತಡವಾಗಿ. ಮೊದಲ ಮಹಾಯುದ್ಧದಲ್ಲಿ ಗಾಯವಿಲ್ಲದೆಯೂ ನಡುಗುವ, ಮಾತು ಕಳೆದುಕೊಳ್ಳುವ ಸಿಪಾಯಿಗಳನ್ನು ಕಂಡ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ 'ಶೆಲ್ ಶಾಕ್' ಎಂಬ ಹೆಸರನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಸಿಡಿಮದ್ದಿನ ಸದ್ದಿಗೆ ಮೆದುಳು ಅಲುಗಿದೆ ಎಂದು ಮೊದಲು ಭಾವಿಸಿದ್ದರು. ಸದ್ದೇ ಕೇಳದವರಿಗೂ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ವಿಯೆಟ್ನಾಂನಿಂದ ಮರಳಿದವರ ಒತ್ತಾಯದ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತಮ್ಮ ಕೈಪಿಡಿಗೆ ಸೇರಿಸಿದರು. ನಿದ್ದೆಯಲ್ಲಿ ಬೆಚ್ಚುವುದು, ಪಟಾಕಿಗೆ ಮೈ ಬಿಗಿಯಾಗುವುದು, ಜನರ ನಡುವೆ ಒಂಟಿಯಾಗುವುದು, ತಾನೇಕೆ ಬದುಕಿದೆ ಎಂಬ ತಪ್ಪಿತಸ್ಥ ಭಾವನೆ ಇದರ ಲಕ್ಷಣಗಳು. ನಮ್ಮಲ್ಲಿ ಇಂಥವರನ್ನು 'ಮಿಲಿಟರಿಯವರು, ಸ್ವಲ್ಪ ಮುಂಗೋಪ' ಎಂದು ಹೇಳಿ ಮುಗಿಸುವುದೇ ರೂಢಿ.

ರಾಜ್ಯ ಸರಕಾರದ ಇಲಾಖೆಯ ಹೆಸರು 'ಸೈನಿಕ ಕಲ್ಯಾಣ ಮತ್ತು ಪುನರ್ವಸತಿ'. ಅಣೆಕಟ್ಟಿನಲ್ಲಿ ಊರು ಮುಳುಗಿದವರಿಗೂ ಇದೇ 'ಪುನರ್ವಸತಿ' ಎಂಬ ಮಾತು. ಈ ಎರಡೂ ಅರ್ಥದಲ್ಲಿ ಪುನರ್ವಸತಿ ಕಂಡವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಹಾಸನ ಜಿಲ್ಲೆಯ ಗೊರೂರಿನವರು, ಬಿಜಾಪುರದ ಸೈನಿಕ ಶಾಲೆಯಲ್ಲಿ ಕಲಿತವರು, 1971ರ ಯುದ್ಧ ಕಂಡವರು. ಇಪ್ಪತ್ತೆಂಟರ ಆಸುಪಾಸಿನಲ್ಲಿ ಸೇನೆ ಬಿಟ್ಟು ಬಂದಾಗ ಕುಟುಂಬದ ಜಮೀನು ಹೇಮಾವತಿ ಅಣೆಕಟ್ಟಿಗೆ ಹೋಗಿತ್ತು. ಬದಲಿಗೆ ಸಿಕ್ಕಿದ್ದ ಜಾವಗಲ್ ಹತ್ತಿರದ ಬರಡು ನೆಲದಲ್ಲಿ ಗುಡಾರ ಹಾಕಿಕೊಂಡು ಕೃಷಿ ಶುರುಮಾಡಿದರು. ಅಲ್ಲಿಯ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಏರ್ ಡೆಕ್ಕನ್ ವಿಮಾನ ಸಂಸ್ಥೆ ಕಟ್ಟಿದ್ದು ಅದಾದ ಮೇಲೆ, 2003ರಲ್ಲಿ. ಜನ ಅವರನ್ನು ನೆನೆಯುವುದು ಅಗ್ಗದ ವಿಮಾನ ಟಿಕೇಟಿಗಾಗಿ. ಸೈನಿಕನೊಬ್ಬ ಊರಿಗೆ ಮರಳಿದಾಗ ಮರಳಬೇಕಾದ ನೆಲವೇ ನೀರಿನಡಿ ಇತ್ತು ಎಂಬ ಭಾಗ ಹಿಂದೆ ಸರಿದುಬಿಡುತ್ತದೆ.

ಗೋಪಿನಾಥ್ ಅಧಿಕಾರಿಯಾಗಿದ್ದವರು. ಸಾಮಾನ್ಯ ಜವಾನನ ದಾರಿ ಬೇರೆ. ಹದಿನೈದು ಹದಿನೇಳು ವರ್ಷ ಸೇವೆ ಮಾಡಿ ಮೂವತ್ತೈದು ನಲವತ್ತರ ಪ್ರಾಯದಲ್ಲಿ ಪಿಂಚಣಿಯೊಂದಿಗೆ ಮನೆಗೆ ಬರುತ್ತಾನೆ. ಮಕ್ಕಳು ಅಪ್ಪನನ್ನು ರಜೆಯಲ್ಲಿ ಬರುವವನೆಂದೇ ತಿಳಿದಿರುತ್ತಾರೆ. ಜಮೀನನ್ನು ಅಣ್ಣತಮ್ಮಂದಿರು ನೋಡಿಕೊಂಡಿರುತ್ತಾರೆ. ಬೆಟ್ಟದ ತುದಿಯಲ್ಲಿ ಹತ್ತು ಮಂದಿಯ ಜೀವಕ್ಕೆ ಹೊಣೆಯಾಗಿದ್ದವನು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಾನೆ. ಒಳಗೆ ಹೋಗುವವರು ಅವನನ್ನು ಕೇಳುವುದು ಚಲನ್ ಎಲ್ಲಿ ಸಿಗುತ್ತದೆ ಎಂದು.

2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಅವಧಿ ನಾಲ್ಕೇ ವರ್ಷ. ಅದು ಮುಗಿದ ಮೇಲೆ ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಮಂದಿಗೆ ಸೇನೆಯಲ್ಲಿ ಮುಂದುವರಿಯುವ ಅವಕಾಶ. ಉಳಿದವರು ಪಿಂಚಣಿಯಿಲ್ಲದೆ, ಇಡಿಗಂಟಿನೊಂದಿಗೆ, ಇಪ್ಪತ್ತೆರಡು ಇಪ್ಪತ್ತೈದರ ಪ್ರಾಯದಲ್ಲಿ ಮನೆಗೆ ಬರಬೇಕು. ಮಣಲೇರನಿಗೆ ಕತ್ತಿ ತೊಳೆದು ಕೊಟ್ಟವರಿದ್ದರು. ಈ ಹುಡುಗರು ಬಸ್ಸಿನಿಂದ ಇಳಿದಾಗ ಮನೆಯವರು, ನೆರೆಕರೆಯವರು ಮೊದಲು ಕೇಳುವ ಪ್ರಶ್ನೆ ಇನ್ನು ಮುಂದೆ ಏನು ಕೆಲಸ ಎಂಬುದೇ ಆಗಿರುತ್ತದೆ. ಗಡಿಯಲ್ಲಿ ಏನು ಕಂಡೆ ಎಂದು ಕೇಳುವವರು ಆಮೇಲೆ ಬಂದರೂ ಬರಬಹುದು.